ಬೆಂಕಿಯುಗುಳುವ ಡೀಸೆಲ್ ವಾಹನಗಳು

ಅಮೆರಿಕಾ ಸಂಯುಕ್ತ ಸಂಸ್ಥಾನದ ಓಹಾಯೊ ಪ್ರಾಂತದ ಬೌಲಿಂಗ್ ಗ್ರೀನ್ ಮೊದಲಾದ ಊರುಗಳಲ್ಲಿ ಟ್ರಾಕ್ಟರುಗಳೂ ಲಾರಿಗಳೂ ಭಾರವನ್ನೆಳೆಯುವ ಪಂದ್ಯಗಳು ನಡೆಯುತ್ತವೆ. ವಾಹನದ ಹಿಂದೆ ಕಟ್ಟಿದ ಬಂಡಿಯಲ್ಲಿ, ವಾಹನವು ಸಾಗಿದಂತೆಲ್ಲ ತೂಕವು ಮುಂದಕ್ಕೆ ಸರಿಯುತ್ತ ಎಳೆತವನ್ನು ಕಠಿನಗೊಳಿಸುತ್ತದೆ. ಆಗ ಡೀಸೆಲ್ ಎಂಜಿನ್ನಿನ ನೆಟ್ಟನೆಯ ಹೊಗೆಕೊಳವೆಯಿಂದ ಕಾರ್ಮೋಡದಂತಹ ಹೊಗೆಯೂ, ಕೆಲವು ವೇಳೆ ಹಳದಿಯ ಜ್ವಾಲೆಯೂ ಚಿಮ್ಮುವುದುಂಟು. ನೋಡುವವರಿಗೆ ಇದು ಅಪಾರ ಶಕ್ತಿಯ ಗುರುತೆಂದು ತೋರುತ್ತದೆ. ವಿಚಾರಿಸಿದರೆ, ಅದು ಎಂಜಿನ್ನಿನ ಕೈತಪ್ಪಿ ಹೋದ ಶಕ್ತಿಯ ಗುರುತು. ಹೇಗೆಂಬುದನ್ನು ನೋಡೋಣ.

ರೂಡಾಲ್ಫ್ ಡೀಸೆಲ್ ಎಂಬಾತನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸಲು ಕಿಡಿ ಬೇಕಿಲ್ಲ. ಇಂದಿನ ಡೀಸೆಲ್ ಎಂಜಿನ್ನುಗಳಲ್ಲಿ ಗಾಳಿಯನ್ನು ಅದರ ಮೂಲ ಗಾತ್ರದ ಸುಮಾರು ಹದಿನಾರನೆಯ ಒಂದು ಪಾಲಿಗೆ ಒತ್ತಿದಾಗ ಅದರ ಉಷ್ಣತೆಯು 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಅದರೊಳಕ್ಕೆ ಸಿಂಪಡಿಸಿದ ಎಣ್ಣೆಯು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೆಚ್ಚು ಕೆಲಸ ಬೇಕಾದರೆ ಹೆಚ್ಚು ಎಣ್ಣೆಯನ್ನು ಸಿಂಪಡಿಸಬೇಕು.

ಆದರೆ ಇದಕ್ಕೊಂದು ಮಿತಿಯಿದೆ. ಒಂದು ಕಿಲೋಗ್ರಾಂ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋಗ್ರಾಂ ಗಾಳಿ ಬೇಕು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ಕೋಣೆಯನ್ನು ತುಂಬುವಷ್ಟು ಗಾಳಿಯಿದು! ಪಂದ್ಯದ ವಾಹನಗಳಲ್ಲಿ ಗಾಳಿಯನ್ನು ತುರುಕಲು ಟರ್ಬೋಚಾರ್ಜರುಗಳಿದ್ದರೂ, ಒಳಬಂದ ಗಾಳಿಯೆಲ್ಲವೂ ಉಪಯೋಗವಾಗಲೆಂದು ಸ್ಪರ್ಧಿಗಳು ಮಿತಿಮೀರಿ ಎಣ್ಣೆಯನ್ನು ಹಾಯಿಸುತ್ತಾರೆ. ಗೆಲುವು ಮುಖ್ಯವಾದಲ್ಲಿ ಎಣ್ಣೆಯ ನಷ್ಟವನ್ನು ಯಾರೂ ಲೆಕ್ಕಿಸುವುದಿಲ್ಲ.

ಗಾಳಿ ಸಾಲದಾದಾಗ ದಹನವು ಅರ್ಧಕ್ಕೆ ನಿಲ್ಲುತ್ತದೆ. ಬತ್ತಿಯನ್ನು ಬಹಳವಾಗಿ ಏರಿಸಿದ ಲಾಂದ್ರದ ಗಾಜು ಮಸಿಹಿಡಿಯುವುದನ್ನು ಬಲ್ಲವರಿಗೆ ಇದು ಹೊಸತಲ್ಲ. ಇಂಗಾಲದ ಒಂದಂಶ ಮಸಿಯಾಗಿಯೇ ಉಳಿಯುತ್ತದೆ. ಇನ್ನೊಂದಂಶ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಾಗುತ್ತದೆ. ಇಂಗಾಲವು ಕಾರ್ಬನ್ ಡೈಆಕ್ಸೈಡ್ ಆಗುವವರೆಗೆ ಉರಿದರೆ ದೊರೆಯುವ ಶಾಖದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಮಾತ್ರವೇ ಅದು ಮಾನಾಕ್ಸೈಡಿನಲ್ಲಿ ನಿಂತಾಗ ದೊರೆಯುತ್ತದೆ. ಉಳಿದುದು ಹೊಗೆಯೊಡನೆ ಹೊರಟುಹೋಗುತ್ತದೆ.

ಹೀಗೆ ಹೊರಟ ಅನಿಲಗಳು ಸಾಕಷ್ಟು ಕಾದಿದ್ದರೆ, ಕೊಳವೆಯ ಬಾಯಿಯಲ್ಲಿ ಹೊರಗಿನ ಆಮ್ಲಜನಕವು ಸಿಕ್ಕಿದೊಡನೆ ಉರಿಯತೊಡಗುತ್ತವೆ. ಮೈಕೇಲ್ ಫ್ಯಾರಡೆಯು 1860-61ರ ಚಳಿಗಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ಮೇಣದ ಬತ್ತಿಯನ್ನು ಕುರಿತು ಉಪನ್ಯಾಸಗಳನ್ನು ಮಾಡಿದನು. ಬಾಗಿದ ಗಾಜಿನ ನಳಿಗೆಯೊಂದರ ತುದಿಯನ್ನು ಜ್ವಾಲೆಯ ನಡುವಣ ಕಪ್ಪುಭಾಗದಲ್ಲಿರಿಸಿ, ಅಲ್ಲಿನ ಉರಿಯದ ಆವಿಯನ್ನು ದೂರಕ್ಕೊಯ್ದು ಇನ್ನೊಂದು ತುದಿಯಲ್ಲಿ ಹೊತ್ತಿಸಿ ತೋರಿಸಿದನು. ಲಾರಿಯ ಕೊಳವೆಯು ಆ ನಳಿಗೆಯ ದೊಡ್ಡಣ್ಣನೇ ಸರಿ. ಜ್ವಾಲೆಯ ಹಳದಿ ಬಣ್ಣಕ್ಕೆ ಕಾದು ಬೆಳಗುವ ಮಸಿಯ ಕಣಗಳೇ ಕಾರಣ.

ಘಟ್ಟವನ್ನೇರುವ ಹಳೆಯ ಲಾರಿಯು ಕಪ್ಪು ಹೊಗೆಯನ್ನು ಬಿಟ್ಟರೂ ಬೆಂಕಿಯನ್ನೇಕೆ ಉಗುಳುವುದಿಲ್ಲ? ಅದರಲ್ಲಿ ಹೆಚ್ಚಿನ ಎಣ್ಣೆ ಅಷ್ಟಿಲ್ಲ. ಇರುವ ಅನಿಲಗಳೂ ಉದ್ದವಾದ ಕೊಳವೆಯಲ್ಲಿ ಸಾಗುವಾಗ ತಣ್ಣಗಾಗುತ್ತವೆ. ಪ್ರದರ್ಶನಕ್ಕೆಂದೇ ಅಲಂಕರಿಸಿದ ಕೆಲವು ವಾಹನಗಳಲ್ಲಂತೂ ಕೊಳವೆಯ ತುದಿಗೆ ಪ್ರೊಪೇನ್ ಅನಿಲವನ್ನು ಹಾಯಿಸಿ ಕಿಡಿಯಿಂದ ಹೊತ್ತಿಸುತ್ತಾರೆ. ಆ ಜ್ವಾಲೆಗೂ ಎಂಜಿನ್ನಿನ ಬಲಕ್ಕೂ ಸಂಬಂಧವೇ ಇಲ್ಲ.

ಪಂದ್ಯದ ಬಯಲಿನಲ್ಲಿ ವಿನೋದವೆನಿಸುವ ಮಸಿಯು ಬೀದಿಗೆ ಬಂದಾಗ ವಿನೋದವಾಗಿ ಉಳಿಯದು. ಅದರ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಮಂಡಲಿಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಬೇಕೆಂದೇ ಹೊಗೆಯುಗುಳುವಂತೆ ವಾಹನಗಳನ್ನು ಮಾರ್ಪಡಿಸುವುದನ್ನು ಅಮೆರಿಕಾದ ನ್ಯೂ ಜೆರ್ಸಿ ಪ್ರಾಂತವು 2015ರಲ್ಲಿ ನಿಷೇಧಿಸಿತು.

ಎಂಜಿನ್ನಿನ ಬೆಂಕಿ ಉರಿಯಬೇಕಾದುದು ಉರುಳೆಯೊಳಗೆ, ಪಿಸ್ಟನ್ನನ್ನು ತಳ್ಳುವುದಕ್ಕಾಗಿ. ಕೊಳವೆಯ ಬಾಯಿಯಲ್ಲಿ ಉರಿದ ಬೆಂಕಿ ಆಕಾಶವನ್ನಲ್ಲದೆ ಬೇರೇನನ್ನೂ ತಳ್ಳದು.