ಜೇಬಿನ ಫೋನಿನಲ್ಲಿ ರೋಗಿಯ ಇಸಿಜಿ

ಎದೆನೋವು ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಬ್ಬರು ಬರುತ್ತಾರೆ. ಇಸಿಜಿ ಯಂತ್ರವಿದೆ, ಇಸಿಜಿ ತೆಗೆಯಲು ನರ್ಸ್ ಇದ್ದಾರೆ. ಅದನ್ನು ನೋಡಿ ಖಚಿತವಾಗಿ ಹೇಳಬಲ್ಲ ಹೃದ್ರೋಗ ತಜ್ಞರು ಮಾತ್ರ ದೂರದ ಊರಿನಲ್ಲಿ. ಡ್ಯೂಟಿ ಡಾಕ್ಟರು ಜೇಬಿನಿಂದ ತಮ್ಮದೇ ಫೋನು ತೆಗೆದು, ಫೋಟೊ ಹೊಡೆದು ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಈ ರೂಢಿಯನ್ನೇ ಒಂದು ವ್ಯವಸ್ಥೆಯಾಗಿ ಬೆಳೆಸಿದರು. ಹಳ್ಳಿಗಾಡಿನ ವೈದ್ಯರನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಸೇರಿಸಿ, ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿದ ಅವರ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಕರಾವಳಿ, ಮಲೆನಾಡಿನ ಎಷ್ಟೋ ಊರುಗಳಿಗೆ ಪರಿಚಿತ ಹೆಸರು.

ಫೋಟೊ ಹೊಡೆಯುವುದರಲ್ಲೂ ಕಸುಬಿದೆ. ಇಸಿಜಿ ಕಾಗದದ ಚಿಕ್ಕ ಚೌಕ 1 ಮಿಲಿಮೀಟರ್, ಅದರ ಅಗಲವೆಂದರೆ 0.04 ಸೆಕೆಂಡು. ಗೆರೆಯ ಎಸ್‌ಟಿ ಎಂಬ ಭಾಗ ಅಂಥ ಒಂದೆರಡು ಚೌಕದಷ್ಟು ಮೇಲೆದ್ದರೂ ಹೃದಯಾಘಾತದ ಗುಮಾನಿ. ಕಾಗದ ಸುರುಳಿಕೊಂಡಿದ್ದರೆ, ಓರೆಯಾಗಿ ಫೋಟೊ ತೆಗೆದರೆ, ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಹೊಳೆದರೆ ಆ ಒಂದೆರಡು ಚೌಕಗಳೇ ಮಾಯ. ಅನುಭವಸ್ಥರು ಕಾಗದವನ್ನು ಮೇಜಿನ ಮೇಲೆ ಹಾಸಿ ನೆಟ್ಟಗೆ ಮೇಲಿನಿಂದ ತೆಗೆಯುತ್ತಾರೆ. ಯಾವ ಗೆರೆ ಯಾವ ಲೀಡಿನದು, ಅಂದರೆ ಹೃದಯವನ್ನು ಯಾವ ಕೋನದಿಂದ ನೋಡಿದ್ದು ಎಂಬ ಗುರುತು ಕತ್ತರಿಸಿ ಹೋಗದಂತೆಯೂ ನೋಡಿಕೊಳ್ಳುತ್ತಾರೆ. ಅದೇ ಕಾಗದದ ತುದಿಯಲ್ಲಿ ರೋಗಿಯ ಹೆಸರು, ವಯಸ್ಸು ಇರುವುದು ಅವಸರದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ರೋಗಿ ಚೇತರಿಸಿಕೊಂಡು ಮನೆಗೆ ಹೋದ ಮೇಲೂ ಆ ಚಿತ್ರ ಕಳಿಸಿದವರ ಗ್ಯಾಲರಿಯಲ್ಲಿ ಇರುತ್ತದೆ. ಗುಂಪಿನಲ್ಲಿರುವ ಯಾರ ಫೋನಿನಲ್ಲಿ ಆಟೊ ಡೌನ್‌ಲೋಡ್ ಚಾಲೂ ಇದೆಯೋ ಅಲ್ಲೆಲ್ಲ ಇರುತ್ತದೆ. ಬ್ಯಾಕಪ್ ಇದ್ದರೆ ಮದುವೆ ಫೋಟೊಗಳ ಜೊತೆ ಕ್ಲೌಡ್‌ಗೂ ಏರುತ್ತದೆ. ವಾಟ್ಸ್‌ಆ್ಯಪ್‌ನ ಎನ್‌ಕ್ರಿಪ್ಷನ್ ದಾರಿಯ ನಡುವೆ ಕದ್ದು ನೋಡುವವರನ್ನು ತಡೆಯಬಲ್ಲದೇ ಹೊರತು, ಮನೆಯಲ್ಲಿ ಗೇಮ್ ಆಡಲು ಫೋನು ಕಸಿದುಕೊಳ್ಳುವ ಮಗುವನ್ನಲ್ಲ.

ಇದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಸ್ಕಾಟ್ಲೆಂಡಿನ ಪ್ರಕರಣವೊಂದಿದೆ. ಕೋವಿಡ್ ಬಂದು ಕಚೇರಿಯಲ್ಲಿ ಕೂತು ಮಾತಾಡುವುದು ನಿಂತಾಗ, ಎನ್‌ಎಚ್‌ಎಸ್ ಲ್ಯಾನರ್ಕ್‌ಶೈರ್ ಎಂಬ ಸರ್ಕಾರಿ ಆರೋಗ್ಯ ಸಂಸ್ಥೆಯ ಒಂದು ತಂಡ ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿತು. 2020ರ ಏಪ್ರಿಲ್‌ನಿಂದ 2022ರ ಏಪ್ರಿಲ್‌ವರೆಗೆ 26 ಸಿಬ್ಬಂದಿಯ ಆ ಗುಂಪಿನಲ್ಲಿ ರೋಗಿಗಳ ಹೆಸರು, ವಿಳಾಸ, ಫೋನ್ ನಂಬರು, ಚಿತ್ರಗಳು 500ಕ್ಕೂ ಹೆಚ್ಚು ಬಾರಿ ಹರಿದಾಡಿದವು. ಸಂಸ್ಥೆಗೆ ಅದರ ಸುಳಿವೇ ಇರಲಿಲ್ಲ. ಒಮ್ಮೆ ಸಿಬ್ಬಂದಿಯೇ ಅಲ್ಲದವರೊಬ್ಬರು ತಪ್ಪಿ ಗುಂಪಿಗೆ ಸೇರಿದರು. 2023ರಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಸಂಸ್ಥೆಗೆ ಛೀಮಾರಿ ಹಾಕಿತು. ರೋಗಿಗಳ ಚಿತ್ರ ಕಳಿಸಲು ಭದ್ರವಾದ ವ್ಯವಸ್ಥೆ ತರುವುದನ್ನು ಪರಿಗಣಿಸಿ ಎಂದೂ ಹೇಳಿತು. ಕಾಯಿಲೆಯ ಮೂಲ ಇದ್ದದ್ದು ಅಲ್ಲೇ: ಮಂದಿ ಗುಂಪು ಕಟ್ಟಿಕೊಂಡದ್ದು ಚಪಲಕ್ಕಲ್ಲ, ಬೇರೆ ದಾರಿ ಇಲ್ಲದೆ.

ಅದೇ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 2019ರಲ್ಲೂ ಸುಮಾರು 1,30,000 ಪೇಜರ್‌ಗಳಿದ್ದವು. ಪೇಜರ್ ಕಿರುಗುಟ್ಟಿದರೆ ಡಾಕ್ಟರು ಲ್ಯಾಂಡ್‌ಲೈನ್ ಹುಡುಕಿ ವಾಪಸ್ ಫೋನ್ ಮಾಡಬೇಕು, ಆ ಕಡೆಯವರು ಅಷ್ಟರಲ್ಲಿ ಎದ್ದು ಹೋಗಿರುತ್ತಾರೆ. 2021ರ ಕೊನೆಯೊಳಗೆ ಅವನ್ನು ಬಿಡಿ ಎಂದು ಸರ್ಕಾರವೇ ಹೇಳಬೇಕಾಯಿತು. ಇಂಥ ಕಡೆ ‘ಸ್ವಂತ ಫೋನು ನಿಷೇಧಿಸಲಾಗಿದೆ’ ಎಂಬ ಸುತ್ತೋಲೆ ನೋಟಿಸ್ ಬೋರ್ಡಿಗೆ ಶೋಭೆ, ಅಷ್ಟೆ.

ಭಾರತದಲ್ಲಿ 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ವಾಟ್ಸ್‌ಆ್ಯಪ್‌ನಂಥ ಆ್ಯಪ್‌ಗಳ ಮೂಲಕವೂ ರೋಗಿಗೆ ಸಲಹೆ ಕೊಡಬಹುದೆಂದಿತು. ದಾಖಲೆ ಇಟ್ಟುಕೊಳ್ಳುವ ಹೊಣೆಯನ್ನು ವೈದ್ಯರ ಮೇಲೆಯೇ ಹಾಕಿತು. ಇದಕ್ಕಿಂತ ಗಟ್ಟಿಯಾದ ಉತ್ತರ ಕರ್ನಾಟಕ ಸರ್ಕಾರ 2023ರಲ್ಲಿ ಪ್ರಕಟಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿದೆ. ಅಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಯೋಜನೆಯದೇ ಜಾಲದಲ್ಲಿ ಜಯದೇವದಂಥ ಹೃದ್ರೋಗ ಆಸ್ಪತ್ರೆಗೆ ತಲುಪುತ್ತದೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದು ಉಚಿತ. ಯಾರ ಗ್ಯಾಲರಿಯೂ ನಡುವೆ ಬರಬೇಕಿಲ್ಲ.

ಸೋಂಕಿನ ಮಾತೂ ಇದೆ. 24 ದೇಶಗಳ 56 ಅಧ್ಯಯನಗಳನ್ನು ಒಟ್ಟು ಮಾಡಿ 2020ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಪರೀಕ್ಷಿಸಿದ ಫೋನುಗಳಲ್ಲಿ ಸರಾಸರಿ ಶೇಕಡಾ 68ರಷ್ಟು ಸೂಕ್ಷ್ಮಜೀವಿಗಳಿಂದ ಮಲಿನವಾಗಿದ್ದವು ಎಂದಿತು. ಕೈ ತೊಳೆದು ಬಂದವರು ಅದೇ ಕೈಯಲ್ಲಿ ಫೋನು ಮುಟ್ಟಿ ಮುಂದಿನ ಹಾಸಿಗೆಗೆ ಹೋದರೆ ತೊಳೆದದ್ದು ದಂಡ. ಆಲ್ಕೋಹಾಲ್ ವೈಪ್‌ನಿಂದ ಫೋನು ಒರೆಸಿಕೊಳ್ಳುವುದಕ್ಕೆ ಅರ್ಧ ನಿಮಿಷ ಸಾಕು.

ಹಾಗಾದರೆ ಸರ್ಕಾರವೇ ಫೋನು ಕೊಟ್ಟರಾಯಿತಲ್ಲ? ಅದೂ ಸಲೀಸಲ್ಲ. 2021ರಲ್ಲಿ ಹರಿಯಾಣದ ಆಶಾ ಕಾರ್ಯಕರ್ತೆಯರಿಗೆ ಸರ್ಕಾರ ಕೊಟ್ಟ ಫೋನುಗಳಲ್ಲಿ ‘ಎಂಡಿಎಂ 360 ಶೀಲ್ಡ್’ ಎಂಬ ಆ್ಯಪ್ ಹಾಕಿಕೊಳ್ಳಲು ಹೇಳಿದಾಗ, ತಾವು ಎಲ್ಲಿದ್ದೇವೆಂದು ಪತ್ತೆ ಹಚ್ಚುವ ಉಪಾಯವಿದು ಎಂದು ಅವರ ಸಂಘಟನೆಗಳು ತಿರುಗಿಬಿದ್ದವು. ಅದೇ ವರ್ಷ ಆಗಸ್ಟಿನಲ್ಲಿ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರ ಕೊಟ್ಟ ಫೋನುಗಳನ್ನು ಸಾಮೂಹಿಕವಾಗಿ ಹಿಂದಿರುಗಿಸಿದರು. ಮಕ್ಕಳ ತೂಕ, ಎತ್ತರ ದಾಖಲಿಸಬೇಕಾದ ಪೋಷಣ್ ಟ್ರ್ಯಾಕರ್ ಆ್ಯಪ್ ಇಂಗ್ಲಿಷಿನಲ್ಲಿದೆ, ಫೋನು ಬಿಸಿಯಾಗುತ್ತದೆ, ಹ್ಯಾಂಗ್ ಆಗುತ್ತದೆ, ರಿಪೇರಿಯ ಖರ್ಚು ನಮ್ಮ ತಲೆಗೆ ಬರುತ್ತದೆ ಎಂಬುದು ಆಗ ಅವರ ದೂರಾಗಿತ್ತು.