ನದಿ ದಡದಲ್ಲಿ ತೈಲವರ್ಣ: ಬಿಸಿಲು ಸರಿಯುವ ಮುನ್ನ

ನದಿಯ ಚಿತ್ರ ಬರೆಯಲು ನದಿಗೇ ಹೋಗಬೇಕೆ? ಫೋಟೋ ಮುಂದಿಟ್ಟುಕೊಂಡು ಮನೆಯಲ್ಲೇ ಬರೆಯಬಹುದಲ್ಲ ಎಂಬ ಪ್ರಶ್ನೆ ಸಹಜ. ಆದರೆ ಫೋಟೋದಲ್ಲಿ ಬರೀ ಕಪ್ಪಾಗಿ ಕಾಣುವ ಮರದ ನೆರಳಿನಲ್ಲಿ ನೀಲಿ, ಹಸಿರು, ನೇರಳೆ ಛಾಯೆಗಳಿರುವುದನ್ನು ದಡದಲ್ಲಿ ನಿಂತ ಕಣ್ಣು ಗುರುತಿಸುತ್ತದೆ. ಕಲಾವಿದರು ಹೊರೆ ಹೊತ್ತು ಹೊಳೆಗೆ ಹೋಗುವುದು ಇದಕ್ಕಾಗಿಯೇ.

ಹಿಂದೆ ಇದು ಸುಲಭವಾಗಿರಲಿಲ್ಲ. ಎಣ್ಣೆಯಲ್ಲಿ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ತುಂಬಿಡುತ್ತಿದ್ದರು. ಒಮ್ಮೆ ಚುಚ್ಚಿದ ಚೀಲವನ್ನು ಮತ್ತೆ ಸರಿಯಾಗಿ ಮುಚ್ಚುವುದು ಕಷ್ಟ. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ ತವರದ ಟ್ಯೂಬಿಗೆ ಪೇಟೆಂಟ್ ಪಡೆದರು. ಆ ಬಳಿಕ ತೈಲವರ್ಣವನ್ನು ಬಯಲಿಗೆ ಒಯ್ಯುವುದು ಹಗುರವಾಯಿತು.

ಫ್ರಾನ್ಸಿನ ಕ್ಲೋಡ್ ಮೋನೆ ಈ ಸೌಲಭ್ಯವನ್ನು ಪೂರ್ತಿ ಬಳಸಿಕೊಂಡರು. 1870ರ ದಶಕದಲ್ಲಿ ಸೇನ್ ನದಿಯಲ್ಲಿ ಒಂದು ದೋಣಿಯನ್ನೇ ಚಿತ್ರಶಾಲೆ ಮಾಡಿಕೊಂಡಿದ್ದರು. 1891ರಲ್ಲಿ ಎಪ್ಟ್ ನದಿ ದಡದ ಪಾಪ್ಲರ್ ಮರಗಳ ಸಾಲನ್ನು ಚಿತ್ರಿಸುತ್ತಿದ್ದಾಗ ಲಿಮೆಟ್ಸ್ ಗ್ರಾಮಾಡಳಿತ ಆ ಮರಗಳನ್ನು ಹರಾಜಿಗಿಟ್ಟಿತು. ಮೋನೆ ಮರದ ವ್ಯಾಪಾರಿಯೊಬ್ಬರ ಜೊತೆ ಒಪ್ಪಂದ ಮಾಡಿಕೊಂಡು, ತಾವೂ ಹಣ ಹಾಕಿ, ಚಿತ್ರಗಳು ಮುಗಿಯುವವರೆಗೆ ಕೊಡಲಿ ಬೀಳದಂತೆ ನೋಡಿಕೊಂಡರು.

ಮರಗಳನ್ನು ಹಣ ಕೊಟ್ಟು ಉಳಿಸಿಕೊಳ್ಳಬಹುದು, ಬಿಸಿಲನ್ನಲ್ಲ. ಆ ಸಾಲಿನ ಒಂದು ಚಿತ್ರಕ್ಕೆ ಬೇಕಾದ ಬೆಳಕು ಏಳೇ ನಿಮಿಷ ಇರುತ್ತಿತ್ತು ಎಂದು ಮೋನೆಯ ನೆರೆಯವರಾಗಿದ್ದ ಕಲಾವಿದೆ ಲಿಲ್ಲಾ ಕ್ಯಾಬಟ್ ಪೆರಿ ದಾಖಲಿಸಿದ್ದಾರೆ. ಬೆಳಕು ಬದಲಾದೊಡನೆ ಮೋನೆ ಆ ಕ್ಯಾನ್ವಾಸ್ ಬದಿಗಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಿದ್ದರು.

ಒಂದೇ ಕ್ಯಾನ್ವಾಸ್ ಇರುವವರು ಏನು ಮಾಡಬೇಕು? ಆರಂಭದಲ್ಲೇ ನೆರಳುಗಳ ಜಾಗವನ್ನು ತೆಳು ಬಣ್ಣದಲ್ಲಿ ಗುರುತಿಸಿ, ಮತ್ತೆ ಅವನ್ನು ಬದಲಿಸಬಾರದು. ಸರಿಯುವ ನೆರಳಿನ ಹಿಂದೆ ಓಡಿದರೆ ಬೆಳಗ್ಗೆಯ ಆಕಾಶ, ಮಧ್ಯಾಹ್ನದ ನೀರು ಒಂದೇ ಚಿತ್ರದಲ್ಲಿ ಸೇರಿ ನೋಟ ಸುಳ್ಳಾಗುತ್ತದೆ. ಮೊದಲು ಆಕಾಶ, ದಡ, ನೀರಿನ ದೊಡ್ಡ ಭಾಗಗಳು. ಎಲೆ, ಅಲೆಗಳ ವಿವರ ಕೊನೆಗೆ. ತೆಳು ಬಣ್ಣ ಮೊದಲು, ಎಣ್ಣೆ ಹೆಚ್ಚಿರುವ ದಪ್ಪ ಬಣ್ಣ ಆಮೇಲೆ. ಇದು ತಿರುಗುಮುರುಗಾದರೆ ಮುಂದೆ ಬಣ್ಣ ಬಿರುಕು ಬಿಡಬಹುದು.

ನೀರಿಗೆಂದು ಬೇರೆ ನೀಲಿ ಬಣ್ಣವಿಲ್ಲ. ನಿಂತ ನೀರು ಆಕಾಶವನ್ನೂ ದಡವನ್ನೂ ತೋರಿಸುತ್ತದೆ. ಸಾಮಾನ್ಯವಾಗಿ ಕಪ್ಪು ಮರದ ಪ್ರತಿಬಿಂಬ ಮರಕ್ಕಿಂತ ತುಸು ತಿಳಿಯಾಗಿಯೂ, ಬಿಳಿ ಗೋಡೆಯ ಪ್ರತಿಬಿಂಬ ಗೋಡೆಗಿಂತ ತುಸು ಮಬ್ಬಾಗಿಯೂ ಕಾಣುತ್ತದೆ. ಅಲೆಯೆದ್ದರೆ ಪ್ರತಿಬಿಂಬ ನೋಡುವವರ ಕಡೆಗೆ ಉದ್ದಕ್ಕೆ ಒಡೆದು ಹರಡುತ್ತದೆ.

ಕಾಸರಗೋಡಿನ ಚಂದ್ರಗಿರಿಯಂತಹ ಹೊಳೆ ಸಮುದ್ರ ಸೇರುವಲ್ಲಿ ಇನ್ನೊಂದು ಸವಾಲಿದೆ. ಅಲ್ಲಿ ಬೆಳಕಿನ ಜೊತೆ ನೀರಿನ ಮಟ್ಟವೂ ಬದಲಾಗುತ್ತದೆ. ಇಳಿತದಲ್ಲಿ ಕಂಡ ಕೆಸರಿನ ಅಂಚು ಉಬ್ಬರಕ್ಕೆ ಮುಳುಗುತ್ತದೆ. ಹಾಗಾಗಿ ದಡದ ಗೆರೆಯನ್ನೂ ಮೊದಲೇ ಗುರುತಿಸಿಡಬೇಕು.

ತೈಲವರ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಸೇರಿ ಎಣ್ಣೆ ಗಟ್ಟಿಯಾಗಲು ದಿನಗಳೇ ಬೇಕು. ಮರಳುವಾಗ ಎರಡು ಹಸಿ ಕ್ಯಾನ್ವಾಸ್‌ಗಳನ್ನು ಮುಖಾಮುಖಿಯಾಗಿಸಿ, ಮೂಲೆಗಳಲ್ಲಿ ಬಿರಡೆಯ ತುಂಡುಗಳನ್ನಿಟ್ಟು ಕಟ್ಟಿದರೆ ಒಂದಕ್ಕೊಂದು ತಾಗದೆ ಮನೆ ಸೇರುತ್ತವೆ.