ರಾಜೂರ ಸೀಮೆ: ತಪ್ಪು ಕಲ್ಪನೆಗಳು, ವಾಸ್ತವಗಳು

ಗದಗ ಜಿಲ್ಲೆ ಗಜೇಂದ್ರಗಡ ತಾಲ್ಲೂಕಿನ ರಾಜೂರಿನಂಥ ಹಳ್ಳಿಗಳ ಹೆಸರು ಪಠ್ಯಪುಸ್ತಕದಲ್ಲಿ ಬರುವುದಿಲ್ಲ. ಹಾಗಾಗಿ ಈ ಸೀಮೆಯ ನೆಲ, ಮಳೆ, ಗಡಿ, ಚರಿತ್ರೆಗಳ ಬಗ್ಗೆ ಬಾಯಿಂದ ಬಾಯಿಗೆ ಬಂದ ಮಾತೇ ನಿಜವೆಂದು ನಿಂತುಬಿಟ್ಟಿದೆ. ಹಳ್ಳಿಯ ಚರಿತ್ರೆಯನ್ನು ಊರ ಅಗಸಿಯೊಳಗಷ್ಟೇ ಹುಡುಕಿದರೆ ಸಿಗುವುದು ಕಡಿಮೆ. ಸುತ್ತಲಿನ ಗುಡ್ಡ, ಹೊಲ, ಶಾಸನ, ಹಳೆಯ ಗಡಿಗಳನ್ನೆಲ್ಲ ಕೂಡಿಸಿ ಓದಬೇಕು.

ತಪ್ಪು ಕಲ್ಪನೆ 1: ರೋಣ, ನರಗುಂದ, ಗಜೇಂದ್ರಗಡ ಎಂದರೆ ಒಂದೇ ಸಮನೆ ಹರಡಿದ, ಮಳೆ ಇಲ್ಲದೆ ಬೆಳೆಯಾಗದ ಬಯಲು.

ವಾಸ್ತವ: ನರಗುಂದ ಮತ್ತು ರೋಣದ ಬಹುಭಾಗ ಕಪ್ಪು ಮಣ್ಣಿನ ಎರೆ ಸೀಮೆ. ಪೂರ್ವಕ್ಕೆ ಗಜೇಂದ್ರಗಡದತ್ತ ಬಂದರೆ ಮರಳುಗಲ್ಲಿನ ಗುಡ್ಡಗಳು ಏಳುತ್ತವೆ. ಬಾದಾಮಿಯ ಬಂಡೆಗಳನ್ನೂ ಒಳಗೊಂಡ ಕಲಾದಗಿ ಶಿಲಾಪ್ರದೇಶದ ಅಂಚು ಇದು. ಗುಡ್ಡದ ಮಗ್ಗುಲಿನ ಹೊಲಗಳು ಕೆಂಪು ಮಣ್ಣಿನ ಮಸಾರಿ. ಎರಡೂ ಮಣ್ಣಿನ ಸ್ವಭಾವ ಬೇರೆ ಬೇರೆ. ಮಸಾರಿಯಲ್ಲಿ ನೀರು ಬೇಗ ಇಂಗಿಹೋಗುತ್ತದೆ, ಬೆಳೆಗೆ ಆಗಾಗ ಮಳೆ ಬೇಕು. ಎರೆಯಲ್ಲಿ ಜೇಡಿ ಹೆಚ್ಚು. ಸೆಪ್ಟೆಂಬರ್, ಅಕ್ಟೋಬರ್ ಮಳೆಯ ಹಸಿಯನ್ನು ಅದು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಬಿತ್ತಿದ ಮೇಲೆ ಮತ್ತೆ ಮಳೆ ಬೀಳದಿದ್ದರೂ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬಿ ಆ ಹಸಿಯ ಮೇಲೆಯೇ ಕಾಳುಗಟ್ಟುತ್ತವೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನೆಲದಲ್ಲಿ ಒಕ್ಕಲುತನ ಉಳಿದುಬಂದದ್ದು ಮಣ್ಣಿನ ಈ ಗುಣವನ್ನು ಅರಿತ ರೈತರಿಂದ.

ತಪ್ಪು ಕಲ್ಪನೆ 2: ಗುಡ್ಡದ ಮೇಲಿನ ಫ್ಯಾನುಗಳು ಮೋಡವನ್ನು ಓಡಿಸಿ ಮಳೆ ಕೆಡಿಸಿದವು.

ವಾಸ್ತವ: ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿ ಸಹ್ಯಾದ್ರಿಯನ್ನು ಏರುವಾಗಲೇ ತನ್ನ ನೀರಿನ ದೊಡ್ಡ ಪಾಲನ್ನು ಅಲ್ಲಿ ಸುರಿದುಬಿಡುತ್ತದೆ. ನಮ್ಮಲ್ಲಿಗೆ ತಲುಪುವಾಗ ಗಾಳಿಯ ಬಲ ಉಳಿದಿರುತ್ತದೆ, ನೀರು ಕಡಿಮೆಯಾಗಿರುತ್ತದೆ. ಇದು ಮಳೆನೆರಳಿನ ನಾಡು. ಗಾಳಿ ಜೋರಾಗಿ ಬೀಸುವ ಎತ್ತರದ ಗುಡ್ಡಗಳು ಇಲ್ಲಿರುವುದರಿಂದಲೇ ಗಾಳಿಯಂತ್ರಗಳು ಬಂದವು. ಯಂತ್ರದ ರೆಕ್ಕೆ ಏರುವುದು ನೂರಿನ್ನೂರು ಮೀಟರ್. ಮಳೆಮೋಡ ಕಿಲೋಮೀಟರುಗಟ್ಟಲೆ ಎತ್ತರಕ್ಕೆ ಬೆಳೆಯುತ್ತದೆ. 1876ರಿಂದ 1878ರವರೆಗೆ ಈ ಸೀಮೆಯನ್ನು ಹಿಂಡಿದ ಮಹಾಕ್ಷಾಮದ ಕಾಲದಲ್ಲಿ ಇಲ್ಲಿ ಒಂದು ಫ್ಯಾನೂ ಇರಲಿಲ್ಲ. ಯಂತ್ರಕ್ಕೆ ಕೊಟ್ಟ ಜಮೀನಿಗೆ ತಕ್ಕ ಬೆಲೆ ಸಿಕ್ಕಿತೇ, ಹೊಲದ ದಾರಿ ಹಾಳಾಯಿತೇ ಎಂಬ ಪ್ರಶ್ನೆಗಳು ನ್ಯಾಯವಾದವು. ಅವನ್ನು ಗಟ್ಟಿಯಾಗಿಯೇ ಕೇಳಬೇಕು. ಮಳೆಯ ಆರೋಪ ಸೇರಿಸಿದರೆ ಆ ಪ್ರಶ್ನೆಗಳ ಬಲವೇ ಕುಂದುತ್ತದೆ.

ತಪ್ಪು ಕಲ್ಪನೆ 3: ಚಾಲುಕ್ಯರ ಚರಿತ್ರೆ ಬಾದಾಮಿ, ಪಟ್ಟದಕಲ್ಲುಗಳಲ್ಲೇ ಮುಗಿಯಿತು. ಈ ಭಾಗದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ವಾಸ್ತವ: ಇದೇ ಸೀಮೆಯ ಸೂಡಿ 11ನೇ ಶತಮಾನದಲ್ಲಿ ಕಿಸುಕಾಡು ಎಪ್ಪತ್ತು ಎಂಬ ನಾಡಿನ ರಾಜಧಾನಿ. ಆ ನಾಡನ್ನು ಆಳಿದವಳು ಕಲ್ಯಾಣ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಅಕ್ಕ ಅಕ್ಕಾದೇವಿ. ಅವಳು ದಾನ ಕೊಟ್ಟ ರಾಣಿಯಷ್ಟೇ ಅಲ್ಲ, ಗೋಕಾಕದ ಕೋಟೆಗೆ ಸೈನ್ಯ ಒಯ್ದು ಮುತ್ತಿಗೆ ಹಾಕಿದವಳು. ಲಕ್ಕುಂಡಿಯಂತೆ ಸೂಡಿಯಲ್ಲೂ ಟಂಕಸಾಲೆ ಇತ್ತು. ಸುಮಾರು 1060ರಲ್ಲಿ ದಂಡನಾಯಕ ನಾಗದೇವ ಕಟ್ಟಿಸಿದ ಜೋಡು ಕಳಸದ ಗುಡಿ, ಮೆಟ್ಟಿಲುಗಳ ನಾಗಕುಂಡ ಇಂದಿಗೂ ನಿಂತಿವೆ. ಅತ್ತ ನರೇಗಲ್ಲಿನಲ್ಲಿ ರಾಷ್ಟ್ರಕೂಟರ ಕಾಲದ ದೊಡ್ಡ ಬಸದಿ ಇದೆ. ಸೂಡಿಯ ಶಾಸನಗಳನ್ನು ವಿದ್ವಾಂಸ ಬಾರ್ನೆಟ್ ಸಂಪಾದಿಸಿ ಪ್ರಕಟಿಸಿ ನೂರು ವರ್ಷ ದಾಟಿದೆ. ಅವು ಇನ್ನೂ ಸುತ್ತಲಿನ ಶಾಲೆಗಳ ಪಾಠವಾಗಿಲ್ಲ ಎಂಬುದೇ ನೋವಿನ ಸಂಗತಿ.

ತಪ್ಪು ಕಲ್ಪನೆ 4: ಇಟಗಿ ಎಂದರೆ ಒಂದೇ ಊರು.

ವಾಸ್ತವ: ಎರಡು. ಶಿವಶರಣೆ ಭೀಮಾಂಬಿಕೆಯ ಇಟಗಿ ಗದಗ ಜಿಲ್ಲೆಯದು. 1112ರಲ್ಲಿ ದಂಡನಾಯಕ ಮಹಾದೇವ ಕಟ್ಟಿಸಿದ, ದೇವಾಲಯ ಚಕ್ರವರ್ತಿ ಎಂದು ಹೆಸರಾದ ಗುಡಿಯ ಇಟಗಿ ಕೊಪ್ಪಳ ಜಿಲ್ಲೆಯದು.

ತಪ್ಪು ಕಲ್ಪನೆ 5: ನರಗುಂದ ಬಂಡಾಯ ಒಂದೇ ಘಟನೆ.

ವಾಸ್ತವ: ಎರಡು ಬಂಡಾಯಗಳ ನಡುವೆ 122 ವರ್ಷಗಳ ಅಂತರವಿದೆ. ಮೊದಲನೆಯದು 1858ರದು. ದತ್ತು ತೆಗೆದುಕೊಳ್ಳಲು ಬ್ರಿಟಿಷರು ಒಪ್ಪದಿದ್ದುದರಿಂದ ಸಿಟ್ಟಾಗಿದ್ದ ನರಗುಂದದ ಸಂಸ್ಥಾನಿಕ ಬಾಬಾಸಾಹೇಬ ಭಾಸ್ಕರರಾವ್ ಭಾವೆ ಸಿಡಿದೆದ್ದರು. ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದ. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಎರಡನೆಯದು ರೈತರದು. ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ ನರಗುಂದ, ನವಲಗುಂದದ ಕಡೆಗೆ ಕಾಲುವೆ ಬಂತು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಬಿತ್ತು. 1980ರ ಜುಲೈ 21ರಂದು ರೈತರ ಸಿಟ್ಟು ಸ್ಫೋಟಿಸಿತು, ಗೋಲಿಬಾರು ನಡೆಯಿತು, ಜೀವಗಳು ಹೋದವು. ನಾಡಿನ ರೈತ ಸಂಘಟನೆಗೆ ಬಲ ಬಂದದ್ದು ಅಲ್ಲಿಂದ. ಇವೆರಡಕ್ಕೂ ಮುಂಚೆ, 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿದ್ದರಿಂದ ಬೆಳೆದ ಯುದ್ಧ 1787ರ ಗಜೇಂದ್ರಗಡ ಒಪ್ಪಂದದಲ್ಲಿ ನಿಂತಿತು. ಆ ಒಪ್ಪಂದ ಮರಾಠರು ಮತ್ತು ಟಿಪ್ಪುವಿನ ನಡುವಿನದು. ಇಂಗ್ಲಿಷರು ಅದರಲ್ಲಿ ಪಾಲುದಾರರಲ್ಲ.

ತಪ್ಪು ಕಲ್ಪನೆ 6: ಪಕ್ಕದ ಕುಷ್ಟಗಿ, ಯಲಬುರ್ಗಾ ಕಲ್ಯಾಣ ಕರ್ನಾಟಕವಾದ ಮೇಲೆ ರಾಜೂರ ಸೀಮೆಯೂ ಕಲ್ಯಾಣ ಕರ್ನಾಟಕವೇ.

ವಾಸ್ತವ: ಅಲ್ಲ. ಕುಷ್ಟಗಿ, ಯಲಬುರ್ಗಾ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿದ್ದವು. ರೋಣ ತಾಲ್ಲೂಕು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಆ ಗಡಿಯ ಕಾರಣದಿಂದಲೇ 1947, 48ರ ಹೈದರಾಬಾದ್ ವಿಮೋಚನಾ ಹೋರಾಟದಲ್ಲಿ ಮುಂಡರಗಿಯಂತೆ ಗಜೇಂದ್ರಗಡದಲ್ಲೂ ಹೋರಾಟಗಾರರ ಶಿಬಿರ ನಡೆಯಿತು. 1956ರ ನವೆಂಬರ್ 1ರಂದು ಎರಡೂ ಕಡೆಯವರು ಒಂದೇ ರಾಜ್ಯಕ್ಕೆ ಸೇರಿದರು. ಆದರೂ ಹಳೆಯ ಗೆರೆ ಪೂರ್ತಿ ಅಳಿದಿಲ್ಲ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಕೊಪ್ಪಳ ಜಿಲ್ಲೆಗೆ ಇದೆ, ಗದಗಕ್ಕೆ ಇಲ್ಲ. ನೌಕರಿ, ಕಾಲೇಜಿನ ಅರ್ಜಿ ತುಂಬುವ ಮಕ್ಕಳು ಇದನ್ನು ಮೊದಲೇ ತಿಳಿದಿರಬೇಕು.

ತಪ್ಪು ಕಲ್ಪನೆ 7: ಜಮೀನಿನ ಉತಾರದಲ್ಲಿ ಧಾರವಾಡ ಜಿಲ್ಲೆ, ರೋಣ ತಾಲ್ಲೂಕು ಎಂದಿದ್ದರೆ ಅದು ತಪ್ಪು ಕಾಗದ.

ವಾಸ್ತವ: ಗದಗ ಜಿಲ್ಲೆಯಾದದ್ದು 1997ರಲ್ಲಿ. ಗಜೇಂದ್ರಗಡ ಬೇರೆ ತಾಲ್ಲೂಕಾದದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ. ಹಳೆಯ ಕಾಗದ ತನ್ನ ಕಾಲದ ನಿಜವನ್ನೇ ಹೇಳುತ್ತದೆ. ವಿಧಾನಸಭೆಗೆ ಈ ಸೀಮೆ ಇಂದಿಗೂ ರೋಣ ಕ್ಷೇತ್ರಕ್ಕೇ ಸೇರಿದೆ.

ಈ ಸಂಗತಿಗಳನ್ನು ತಿಳಿಯಲು ದೂರದ ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ರಾಜೂರ ಸೀಮೆಯ ಶಾಲೆಗಳು ವರ್ಷಕ್ಕೊಮ್ಮೆ ಮಕ್ಕಳನ್ನು ಸೂಡಿಯ ಗುಡಿಗೂ ಗಜೇಂದ್ರಗಡದ ಗುಡ್ಡಕ್ಕೂ ಕರೆದೊಯ್ಯಲಿ, ಎರೆ ಮತ್ತು ಮಸಾರಿ ಮಣ್ಣನ್ನು ಕೈಯಲ್ಲಿ ಹಿಡಿದು ನೋಡುವಂತೆ ಮಾಡಲಿ. ಗ್ರಾಮ ಪಂಚಾಯತಿಗಳು ಊರಿನ ಹಳೆಯ ಕಾಗದ, ಕಲ್ಲು, ಕೆರೆಗಳ ಪಟ್ಟಿ ಬರೆದಿಡಲಿ. ತನ್ನ ನೆಲವನ್ನು ಸರಿಯಾಗಿ ಬಲ್ಲ ಊರು ಮಳೆಯ ಲೆಕ್ಕ, ಜಮೀನಿನ ಬೆಲೆ, ಮೀಸಲಾತಿಯ ಹಕ್ಕು ಯಾವುದರಲ್ಲೂ ಸುಲಭಕ್ಕೆ ಮೋಸಹೋಗುವುದಿಲ್ಲ.